ಊಟಾದ ಮ್ಯಾಲ ಹತ್ತು ನಿಮಿಷ

ವೈನಿ, ಶುಗರ್ ರಿಪೋರ್ಟ್ ಬಂತಂತಲ್ರಿ? ಉಪವಾಸದ್ದು 118? ಗಾಬರಿ ಆಗಬ್ಯಾಡ್ರಿ. 100ರಿಂದ 125ರೊಳಗಿದ್ರ ಇನ್ನೂ ಸಕ್ಕರಿ ರೋಗ ಅಲ್ಲ, ಅದರ ಹೊಸ್ತಿಲದ ಮ್ಯಾಲ ನಿಂತಂಗ. ಇಲ್ಲಿಂದ ಹಿಂದ ಸರಿಯಾಕ ಬರ್ತೈತಿ. ಐಸಿಎಂಆರ್‌ನವರು 2023ರಾಗ ಹೇಳಿದ ಲೆಕ್ಕದಾಗ, ದೇಶದಾಗ ಹಿಂಗ ನಿಂತವರ ಹದಿಮೂರೂವರಿ ಕೋಟಿ ಮಂದಿ ಅದಾರ.

ಚಹಾಕ್ಕ ಸಕ್ಕರಿ ಬಿಟ್ರಿ, ಕುಂದಾ ಮುಟ್ಟೂದಿಲ್ಲ, ಛಲೋ ಮಾಡೀರಿ. ಆದ್ರ ಮುಂಜಾನೆ ಅವಲಕ್ಕಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತ ಅನ್ನ. ಅವಲಕ್ಕಿನೂ ಅಕ್ಕೀನ ಅಲ್ರಿ? ಹೊಟ್ಟ್ಯಾಗ ಹೋದ ಮ್ಯಾಲ ಅದೂ ಸಕ್ಕರೀನ ಆಗ್ತೈತಿ.

ನಿಮ್ಮ ತವರಮನಿ ಖಾನಾಪುರ ಕಡೆ. ಮಳಿ ಜೋರು, ಭತ್ತದ ಸೀಮಿ, ಅನ್ನ ಬಿಡ್ರಿ ಅಂದ್ರ ಹೆಂಗ ಬಿಡ್ತೀರಿ? ನಿಮ್ಮ ಅಪ್ಪಾರೂ ತಾಟ ತುಂಬ ಅನ್ನ ಉಂಡವರ. ಆದ್ರ ಉಂಡ ಮ್ಯಾಲ ಮೊಣಕಾಲ ಮಟ ಕೆಸರಾಗ ನಿಂತು ನಾಟಿ ಮಾಡ್ತಿದ್ರು. ದುಡಿಯೂ ಸ್ನಾಯು, ಇನ್ಸುಲಿನ್ ಕಮ್ಮಿ ಇದ್ರೂ ರಕ್ತದಾಗಿನ ಸಕ್ಕರಿ ಎಳಕೋತೈತಿ. ಅದರಾಗೂ ತೊಡಿ ಸ್ನಾಯು ದೊಡ್ಡವು, ಭಾಳ ಎಳಕೋತಾವ. ನಾವು ಬೆಳಗಾವಿಗೆ ಬಂದು ಅವರ ತಾಟ ಅಷ್ಟ ಉಳಿಸಿಕೊಂಡೀವಿ, ಅವರ ಗದ್ದಿ ಕೆಲಸ ಬಿಟ್ಟೀವಿ.

ಟಿಳಕವಾಡಿ ವ್ಯಾಕ್ಸಿನ್ ಡಿಪೋದಾಗ ಮುಂಜಾನೆ ತಾಸ ಗಟ್ಟಲೆ ಅಡ್ಡಾಡಿ ಬಂದು, ಉಂಡು ಮಲಗಾವ್ರನ್ನ ನೋಡೀನ್ರಿ. ಆ ನಡಗಿ ವ್ಯರ್ಥ ಅಲ್ಲ, ಅದರ ಗುಣ ಒಂದು ದಿನದ ಮಟ ಇರ್ತೈತಿ. ಆದ್ರ ಸಕ್ಕರಿ ಭಾಳ ಏರೂದು ಊಟಾಗಿ ತಾಸು, ಒಂದೂವರಿ ತಾಸಿನೊಳಗ. ಆ ಹೊತ್ತಿನ್ಯಾಗ ಕಾಲು ಆಡಬೇಕು. ತಾಟ ತೊಳದಿಟ್ಟು ಹತ್ತು ನಿಮಿಷ ಓಣ್ಯಾಗ ನಡೀರಿ. ಮಳಿಗಾಲದಾಗ ಪಡಸಾಲ್ಯಾಗ ನಡೀರಿ. ಮೊಣಕಾಲು ನೋಯ್ತಿದ್ರ ಕುರ್ಚಿ ಮ್ಯಾಲಿಂದ ಏಳೂದು ಕೂಡೂದು ಮಾಡ್ರಿ, ತೊಡಿಗೆ ಕೆಲಸ ಸಿಗ್ತೈತಿ.

ಜ್ವಾಳದ ರೊಟ್ಟಿ ಹಿಡೀತೀನಿ ಅಂದ್ರೂ ಲೆಕ್ಕ ಇರಲಿ, ಜ್ವಾಳದಾಗೂ ಪಿಷ್ಟ ಐತಿ. ಎರಡರ ಜಾಗಾದಾಗ ನಾಕು ತಿಂದ್ರ ಏನೂ ಸಿಗೂದಿಲ್ಲ. ನಾ ಮನ್ಯಾಗ ಮಾಡೂದು ಇಷ್ಟ: ಮೊದಲ ಮೆಂತ್ಯ ಪಲ್ಯನೋ ಪುಂಡಿ ಪಲ್ಯನೋ, ಹೆಸರಕಾಳ ಉಸಳಿ, ಸೌತಿಕಾಯಿ ತಾಟದ ಅರ್ಧ ತುಂಬಸ್ತೀನಿ, ಅದನ್ನ ಮೊದಲ ತಿನ್ನೂದು. ಅನ್ನ ಕಡೀಕ, ಒಂದು ಸೌಟು. ನಾರು, ಕಾಳು ಮೊದಲ ಹೋದ್ರ ಸಕ್ಕರಿ ನಿಧಾನ ಏರ್ತೈತಿ. ಪೇರಲ ಹಣ್ಣು ಕಡದು ತಿನ್ರಿ, ರಸ ಹಿಂಡಬ್ಯಾಡ್ರಿ. ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ ತಗಸ್ರಿ, ಅದರಾಗ ಹಿಂದಿನ ಎರಡ-ಮೂರು ತಿಂಗಳದ ಸರಾಸರಿ ಗೊತ್ತಾಗ್ತೈತಿ.

ಮಾವಾರದು ಮಾತ್ರ ಬ್ಯಾರೆ ಮಾತು. ಅವರು ಇನ್ಸುಲಿನ್ ತಗೋತಾರಲ್ರಿ, ಅವರನ್ನ ಖಾಲಿ ಹೊಟ್ಟೀಲೆ ದೂರ ನಡಸಬ್ಯಾಡ್ರಿ. ಎಷ್ಟು ನಡೀಬೇಕು ಅಂತ ಡಾಕ್ಟರನ್ನ ಕೇಳ್ರಿ. ಮೈ ಬೆವತು ಕೈ ನಡುಗಿದ್ರ ಸಕ್ಕರಿ ಇಳದಿರತೈತಿ, ಆಗ ಮೂರು ಚಮಚ ಸಕ್ಕರಿ ನೀರಾಗ ಕಲಸಿ ಲಗೂನ ಕುಡಸ್ರಿ. ಪಾದ ಜುಮ್ ಅಂತಾವ ಅಂತಿದ್ರಿ. ಬರಿಗಾಲಲೆ ಅಂಗಳಕ್ಕ ಇಳೀಗೊಡಬ್ಯಾಡ್ರಿ, ಮುಳ್ಳು ಚುಚ್ಚಿದ್ರೂ ಅವರಿಗೆ ತಿಳಿಯೂದಿಲ್ಲ. ರಾತ್ರಿ ಮಲಗೂ ಮುಂದ ಅಂಗಾಲು ನೀವ ನೋಡ್ರಿ. ಸಣ್ಣ ಗಾಯ ಕಂಡ್ರೂ ಮರುದಿನಾನ ದವಾಖಾನಿಗೆ ಕರಕೊಂಡು ಹೋಗ್ರಿ.