ಸೂರ್ಯನನ್ನು ನಂಬದ ಲೆಕ್ಕದ ಕಾಕಾ

ಕಬ್ಬಿನ ಬಿಲ್ಲು ಜಮೆಯಾದ ವಾರ ಸಾವಳಗಿ ಸೀಮೆಯಲ್ಲಿ ಲೆಕ್ಕದ ಕಾಕಾ ಇಲ್ಲದ ಚಹಾದಂಗಡಿ ಸಿಗಲಾರದು. ಹಳೆಯ ಲಗ್ನಪತ್ರಿಕೆಯ ಹಿಂಬದಿ, ಯಾರದೋ ಕಿಸೆಯ ಪೆನ್ನು, ಮೂಗಿನ ತುದಿಗೆ ಚಾಳೀಸು. ಪ್ರಶ್ನೆ ಇಷ್ಟೇ: ಮಾಳಿಗೆ ಮೇಲೆ ಸೋಲಾರ್ ಹಾಕಿಸುವುದೋ, ಸಾಲ ಸೇರಿಸಿ ಜಮಖಂಡಿಯಲ್ಲಿ ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳುವುದೋ? ಬಾಡಿಗೆಯನ್ನು ಅವರು ಕಣ್ಣುಮುಚ್ಚಿ 12 ತಿಂಗಳಿಂದ ಗುಣಿಸುತ್ತಾರೆ. ಮನೆ ಖಾಲಿ ಬಿದ್ದ ತಿಂಗಳು, ಸುಣ್ಣಬಣ್ಣ, ನಳದ ರಿಪೇರಿ, ಮನೆಪಟ್ಟಿ ಯಾವುದೂ ಕಾಗದಕ್ಕೆ ಇಳಿಯುವುದಿಲ್ಲ. ಸೋಲಾರಿನ ಸರದಿ ಬಂದರೆ ಮೋಡ, ಧೂಳು, ಮಂಗ, ಆಲಿಕಲ್ಲು ಎಲ್ಲಕ್ಕೂ ಕಡಿತ! ಮಳೆಗಾಗಿ ಮುಗಿಲು ನೋಡುವ ನಾಡಿನಲ್ಲಿ ಸೂರ್ಯ ಬಾರದಿದ್ದರೆ ಎಂಬ ಚಿಂತೆ. “ಬಾಡಿಗಿ ತಪ್ಪಿದ್ರ ಅವನ ಮನಿ ಮುಂದ ಹೋಗಿ ಕುಂದರತೇನಿ. ಸೂರ್ಯಾನ ಮನಿ ಮುಂದ ಕುಂದರಾಕ ಬರತೈತೇನ ತಮ್ಮಾ?”

ಅವರ ಕಾಗದವನ್ನೇ ತಿದ್ದೋಣ. 30 ಲಕ್ಷದ ಮನೆಗೆ ತಿಂಗಳಿಗೆ 8,000 ಬಾಡಿಗೆ ಹಿಡಿದರೆ ವರ್ಷಕ್ಕೆ 96,000. ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಗೃಹಸಾಲದ ಬಡ್ಡಿಯ ಅರ್ಧವೂ ಆಗಲಿಲ್ಲ. 3 ಕಿಲೋವ್ಯಾಟ್ ಸೋಲಾರಿಗೆ 1.8 ಲಕ್ಷವೆಂದರೂ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ಸಬ್ಸಿಡಿ ಕಳೆದು ಉಳಿಯುವುದು ಲಕ್ಷದ ಮೇಲೆ ಚೂರು. ದಿನಕ್ಕೆ ಸುಮಾರು 12 ಯೂನಿಟ್ಟು, ಯೂನಿಟ್ಟಿಗೆ 6 ರೂಪಾಯಿ. ನಾಲ್ಕೈದು ವರ್ಷದಲ್ಲಿ ಅಸಲು ವಾಪಸು. ಮನೆಯ ಬೆಲೆ ಏರುತ್ತದೆ ಎನ್ನುವುದು ನಿಜ, ಆದರೆ ಏರುವುದು ಜಾಗದ ಬೆಲೆ. ಅದಕ್ಕೆ ಪ್ಲಾಟು ಸಾಕು, ಬಾಡಿಗೆದಾರ ಬೇಕಿಲ್ಲ. ಇಡೀ 30 ಲಕ್ಷವನ್ನು ಸೋಲಾರಿಗೆ ಸುರಿಯಲು ಮಾಳಿಗೆ ಸಾಲದು ಎಂಬುದೂ ಅಷ್ಟೇ ನಿಜ.

ಎತ್ತಬೇಕಾದ ತಕರಾರನ್ನು ಮಾತ್ರ ಕಾಕಾ ಎತ್ತುವುದೇ ಇಲ್ಲ. 2023ರಿಂದ ಗೃಹಜ್ಯೋತಿ ಯೋಜನೆಯ ದೆಸೆಯಿಂದ 200 ಯೂನಿಟ್ ಒಳಗೆ ತನಗೆ ನಿಗದಿಯಾದ ಮಿತಿ ದಾಟದ ಮನೆಗೆ ಹೆಸ್ಕಾಂನ ವಿದ್ಯುತ್ ಬಿಲ್ಲು ಸೊನ್ನೆ. 10 ಎಚ್‌ಪಿವರೆಗಿನ ಹೊಲದ ಪಂಪ್‌ಸೆಟ್ಟಿಗೂ ಕರೆಂಟು ಪುಕ್ಕಟೆ. ಸೊನ್ನೆಯಲ್ಲಿ ಉಳಿಸುವುದೇನನ್ನು? ಹೆಚ್ಚಾದ ವಿದ್ಯುತ್ತನ್ನು ಹೆಸ್ಕಾಂಗೆ ಮಾರಿದರೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಎಸಿ, ಗೀಸರ್ ಓಡಿಸಿ 300 ಯೂನಿಟ್ ದಾಟುವ ಮನೆಗೇ ಈ ಲೆಕ್ಕ ಕೂಡುವುದು. ಎರಡು ಫ್ಯಾನು, ಒಂದು ಟಿವಿಯ ಕಾಕಾ ಸೋಲಾರ್ ಬೇಡವೆಂದದ್ದು ಸರಿಯೇ. ಪಾಪ, ಸೂರ್ಯನ ಮೇಲೆ ಹೊರಿಸಿದ ಅಪವಾದ ಸುಳ್ಳು. ಹಾಗೆಂದು ಹೇಳಿದರೂ ಅವರಿಗೆ ಹಿಡಿಸದು, ಲೆಕ್ಕ ಮುಗಿದುಹೋಗುತ್ತದಲ್ಲ! “ತಡಿ, ಬ್ಯಾಟರಿ ಹಾಕಿಸಿದ್ರ ಹೆಂಗ?” ಎಂದು ಮತ್ತೆ ಶುರುಮಾಡುತ್ತಾರೆ. ಅಷ್ಟರೊಳಗೆ ಮಗ ಬುಲೆಟ್ ಬುಕ್ ಮಾಡಿ ಬಂದಿರುತ್ತಾನೆ.