ತಲೆ ಎಣಿಕೆ ಮೀಮಾಂಸೆ: ಪ್ರೌಢಶಾಲಾ ಪ್ರವಾಸದ ಮೇಲೊಂದು ಶಾಸ್ತ್ರವಿಚಾರ

ಶಾಸ್ತ್ರಗ್ರಂಥವೆಂದರೆ ಮೊದಲಿಗೆ ನಾಲ್ಕು ಅನುಬಂಧಗಳನ್ನು ಹೇಳಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ಪ್ರಸ್ತುತ ಗ್ರಂಥದ ವಿಷಯ, ಪ್ರೌಢಶಾಲೆಯ ವಾರ್ಷಿಕ ಶೈಕ್ಷಣಿಕ ಪ್ರವಾಸ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಎಂಟರಿಂದ ಹತ್ತನೆಯ ತರಗತಿಯೊಳಗೆ ಯಾವುದೋ ಒಂದು ಡಿಸೆಂಬರಿನಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡವನು, ಇಲ್ಲವೇ ಅವನ ಹಿಂದಿನ ಕಿಟಕಿಯಲ್ಲಿ ಕೂತಿದ್ದವನು. ಇಬ್ಬರಲ್ಲಿ ಎರಡನೆಯವನ ಅಧಿಕಾರವೇ ಹೆಚ್ಚಿನದು. ಸಂಬಂಧ ಇವರಿಬ್ಬರ ನಡುವಿನದು. ಅದು ಅಂದಿನಿಂದ ಸರಿಹೋಗಿಲ್ಲ. ಉಳಿದದ್ದು ಪ್ರಯೋಜನ. ಅದರಲ್ಲಿಯೇ ತಕರಾರಿರುವುದರಿಂದ ಈ ಗ್ರಂಥ ಬರೆಯಬೇಕಾಯಿತು.

ಪೂರ್ವಪಕ್ಷ ಹೀಗೆ: ಪ್ರವಾಸದಿಂದ ಮಕ್ಕಳಿಗೆ ಇತಿಹಾಸ, ಶಿಲ್ಪಕಲೆ, ವಿಜ್ಞಾನ, ನಿಸರ್ಗಗಳ ಪ್ರತ್ಯಕ್ಷ ಜ್ಞಾನವಾಗುತ್ತದೆ, ಅನುಮತಿ ಕೋರಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯುವ ಅರ್ಜಿಯಲ್ಲಿ ಹಾಗೆಂದೇ ಇರುತ್ತದೆ, ಅರ್ಜಿಯಲ್ಲಿ ಇರುವುದು ಸುಳ್ಳಾಗಲಾರದು. ಇದಕ್ಕೆ ಸಮಾಧಾನ ಹೇಳುತ್ತೇವೆ. ಜ್ಞಾನವೇ ಪ್ರಯೋಜನವಾಗಿದ್ದರೆ ಹಿಂತಿರುಗಿದ ಮೇಲೆ ಜ್ಞಾನವನ್ನು ಯಾರಾದರೂ ಲೆಕ್ಕ ಹಾಕಬೇಕಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಶಾಲೆಯ ಗೇಟಿನ ಮುಂದೆ ಬಸ್ಸು ನಿಂತಾಗ, ಹೊಯ್ಸಳರ ರಾಜಧಾನಿ ಯಾವುದೆಂದು ಮುಖ್ಯೋಪಾಧ್ಯಾಯರು ಕೇಳಿದ್ದು ಎಲ್ಲಿಯೂ ದಾಖಲಾಗಿಲ್ಲ. ಅವರು ಕೇಳುವುದು ಒಂದೇ ಮಾತು, "ಎಲ್ಲಾ ಇದಾರೇನ್ರೀ?" ಆದ್ದರಿಂದ ಸಿದ್ಧಾಂತ: ಹೊರಟಾಗ ಇದ್ದ ತಲೆಗಳ ಸಂಖ್ಯೆಯನ್ನು ಅಷ್ಟಕ್ಕಷ್ಟೇ ಮರಳಿ ತರುವುದು ಶೈಕ್ಷಣಿಕ ಪ್ರವಾಸದ ಪರಮ ಪ್ರಯೋಜನ. ಬೇಲೂರು, ಹಂಪಿ, ಮೈಸೂರು, ಜೋಗ ಇವೆಲ್ಲ ತಲೆ ಎಣಿಸಲು ಬಸ್ಸು ನಿಲ್ಲಿಸುವ ಜಾಗಗಳು.

ಎಣಿಸುವವರು ಸಾಮಾನ್ಯವಾಗಿ ದೈಹಿಕ ಶಿಕ್ಷಣ ಶಿಕ್ಷಕರು. ಪೀಪಿ ಅವರಲ್ಲಿರುವುದು ಒಂದು ಕಾರಣ. ಸಿಲಬಸ್ ಮುಗಿದಿಲ್ಲವೆಂಬ ಚಿಂತೆ ಇಲ್ಲದಿರುವುದು ಇನ್ನೊಂದು. ಐವತ್ತೆರಡು ತಲೆಯ ಬಸ್ಸು ಎಂದಿಟ್ಟುಕೊಳ್ಳೋಣ. ಮೇಷ್ಟ್ರು ಮುಂದಿನಿಂದ ಎಣಿಸಿದರೆ ಐವತ್ತೊಂದು, ಹಿಂದಿನಿಂದ ಬಂದರೆ ಐವತ್ತಮೂರು. ವೇದಾಂತದಲ್ಲಿ ನದಿ ದಾಟಿದ ಹತ್ತು ಮಂದಿಯ ಕಥೆಯಿದೆ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಂಬತ್ತೇ ಆಯಿತೆಂದು ಗೋಳಾಡಿದ ಮೇಲೆ, ಹತ್ತನೆಯವನು ನೀನೇ ಎಂದು ದಾರಿಹೋಕ ತೋರಿಸಿಕೊಟ್ಟ. ಕ್ಲಾಸ್ ಲೀಡರ್ ಎಣಿಸಿದಾಗ ಒಂದು ಕಡಿಮೆ ಬರುವುದು ಈ ನ್ಯಾಯದಿಂದಲೇ. ಆದರೆ ಒಂದು ಹೆಚ್ಚು ಬರುವುದು ಹೇಗೆ? ವೇದಾಂತಿಗಳು ಇದನ್ನು ಚರ್ಚಿಸಿಲ್ಲ. ಅವರ ಕಾಲದಲ್ಲಿ ಕ್ಲೀನರ್ ಇರಲಿಲ್ಲ.

ಬಸ್ಸಿನ ಒಳರಚನೆಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಮುಂದೆ ಹುಡುಗಿಯರು, ಮಧ್ಯೆ ಶಿಕ್ಷಕರು, ಹಿಂದೆ ಹುಡುಗರು, ಕೊನೆಯ ಉದ್ದ ಸೀಟಿನಲ್ಲಿ ಗಣರಾಜ್ಯ. ಅಂತ್ಯಾಕ್ಷರಿ ಮುಂದೆ ಶುರುವಾಗಿ ಹಿಂದೆ ಕೆಡುತ್ತದೆ. ನಿಂಬೆಹಣ್ಣು, ಪ್ಲಾಸ್ಟಿಕ್ ಕವರು, ಹುಣಸೆಹಣ್ಣಿನ ಪೆಪ್ಪರಮೆಂಟು ಎಂಬ ಔಷಧತ್ರಯದಲ್ಲಿ ಕವರೊಂದೇ ಫಲಕಾರಿ.

ದಿಕ್ಕಿನ ವಿಚಾರ ಮಾತ್ರ ಸ್ವಲ್ಪ ಸೂಕ್ಷ್ಮವಾದದ್ದು. ದಕ್ಷಿಣದ ಶಾಲೆ ಉತ್ತರಕ್ಕೆ ಹೋಗುತ್ತದೆ, ಉತ್ತರದ್ದು ದಕ್ಷಿಣಕ್ಕೆ. ಮಂಡ್ಯದ ಮಕ್ಕಳು ಹಂಪಿ, ಬಾದಾಮಿ, ಪಟ್ಟದಕಲ್ಲು, ವಿಜಯಪುರ ಎಂದು ಹೊರಟರೆ, ವಿಜಯಪುರದ ಮಕ್ಕಳು ಮೈಸೂರು ಅರಮನೆ, ಮೃಗಾಲಯ, ಕೆಆರ್‌ಎಸ್ ಎಂದು ಇಳಿಯುತ್ತಾರೆ. ಹಿರಿಯೂರಿನ ಆಸುಪಾಸಿನ ಯಾವುದೋ ಹೋಟೆಲಿನ ಮುಂದೆ ಎರಡು ಬಸ್ಸುಗಳೂ ಚಹಾಕ್ಕೆ ನಿಲ್ಲುತ್ತವೆ. ಒಂದರ ಮಕ್ಕಳು ಇನ್ನೊಂದರವರನ್ನು ಮರುಕದಿಂದ ನೋಡುತ್ತಾರೆ: ಪಾಪ, ನಮ್ಮೂರು ನೋಡಲು ಇಷ್ಟು ದೂರ ಹೊರಟಿದ್ದಾರಲ್ಲ! ಗೋಳಗುಮ್ಮಟದ ನೆರಳಲ್ಲಿ ಕ್ರಿಕೆಟ್ ಆಡಿ ಬೆಳೆದವನಿಗೆ ಅದು ಚೆಂಡು ಕಳೆದುಹೋಗುವ ಜಾಗ. ದೂರದಿಂದ ಬಂದವನಿಗೆ ಮಾತ್ರ ಅದು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಎರಡೂ ಬಸ್ಸಿನವರು ಹಿರಿಯೂರಿನಲ್ಲೇ ಊರುಗಳನ್ನು ಅದಲುಬದಲು ಮಾಡಿಕೊಂಡು, ಬಾಯಲ್ಲೇ ವರ್ಣಿಸಿ ಮನೆಗೆ ಹೋದರೆ ಡೀಸೆಲ್ ಉಳಿಯುತ್ತದೆ ಎಂಬ ಮತವೊಂದುಂಟು. ಅದರಲ್ಲಿ ತಲೆ ಎಣಿಸಲು ಒಂದೇ ಅವಕಾಶವಿರುವುದರಿಂದ ಸಿದ್ಧಾಂತಿಗಳು ಒಪ್ಪುವುದಿಲ್ಲ.

ಇನ್ನು ಕ್ಷೇತ್ರಾನುಸಾರ ಎಣಿಕೆ. ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರದು. ಹೊಯ್ಸಳರ ದೇಗುಲಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಬಸ್ಸುಗಳ ಸಾಲು ಇನ್ನಷ್ಟು ಉದ್ದವಾಗಿದೆ. ಗೈಡು ಕೋಲು ಚಾಚಿ ಗೋಡೆಯ ಬುಡದ ಆನೆಗಳ ಸಾಲನ್ನು ತೋರಿಸಿ, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಪಿ.ಟಿ. ಮೇಷ್ಟ್ರಿಗೆ ಅಲ್ಲಿ ಹುಟ್ಟುವ ಭಾವ ಶಿಲ್ಪಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ. ಒಂಬೈನೂರು ವರ್ಷ ಸಾಲು ತಪ್ಪದೆ ನಿಂತಿರುವ ಆ ಆನೆಗಳನ್ನು ಅವರು ಅಸೂಯೆಯಿಂದ ನೋಡುತ್ತಾರೆ.

ಶ್ರವಣಬೆಳಗೊಳದಲ್ಲಿ ಎಣಿಕೆ ಮಕ್ಕಳಿಗೂ ಅಂಟುತ್ತದೆ. ವಿಂಧ್ಯಗಿರಿಯ ಮೆಟ್ಟಿಲುಗಳು ಆರುನೂರು ಚಿಲ್ಲರೆ. ಎಣಿಸುತ್ತ ಹತ್ತಿದ ಇಬ್ಬರ ಲೆಕ್ಕ ಎಂದೂ ಕೂಡಿಬರುವುದಿಲ್ಲ. ಮೇಲೆ 58 ಅಡಿಯ ಗೊಮ್ಮಟನ ಪಾದದ ಬಳಿ ನಿಂತು ಐದು ಮೆಟ್ಟಿಲಿಗಾಗಿ ಜಗಳವಾಡುತ್ತಾರೆ. ಚಾವುಂಡರಾಯ ನಿಲ್ಲಿಸಿದ ಆ ಮೂರ್ತಿ ಅಣ್ಣತಮ್ಮಂದಿರ ದೊಡ್ಡ ಜಗಳವನ್ನೇ ಬಿಟ್ಟು ನಿಂತವನದು, ಅದಕ್ಕೆ ಇದು ಹೊಸದಲ್ಲ. ಕೆಳಗಿಳಿದಾಗ ತಲೆಗಳು ಸರಿಯಿದ್ದು ಚಪ್ಪಲಿಗಳು ಬೆಸಸಂಖ್ಯೆಯಲ್ಲಿರುತ್ತವೆ. ಇದು ಉಪಸಮಸ್ಯೆ, ಬಿಟ್ಟಿದ್ದೇವೆ.

ಎಣಿಕೆಯ ಶಾಸ್ತ್ರಕ್ಕೆ ಅತ್ಯಂತ ದೊಡ್ಡ ಸವಾಲು ಒಡ್ಡಿರುವುದು ವಿಜಯಪುರ. ಗೋಳಗುಮ್ಮಟದ ಗುಮ್ಮಟ ಹೊರವ್ಯಾಸದಲ್ಲಿ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಉಸುರಿದ್ದು ಎದುರುಗೋಡೆಯವನಿಗೆ ಕೇಳುತ್ತದೆ, ಕೂಗಿದ್ದು ಏಳೇಳು ಸಲ ಮರುಕಳಿಸುತ್ತದೆ. ಇಲ್ಲಿ ಹಾಜರಿ ಕರೆದರೆ ಏನಾಗುತ್ತದೆಂದು ಊಹಿಸಿ. ಒಬ್ಬ "ಹಾಜರ್ ಸಾರ್" ಎಂದರೆ ಏಳು ಮಂದಿ ಹಾಜರಾಗುತ್ತಾರೆ. ಎಂಟು ಹುಡುಗರಿಂದ ಇಡೀ ತರಗತಿ ತುಂಬಿ ನಾಲ್ಕು ಉಳಿಯುತ್ತದೆ. ಉಳಿದವರೆಲ್ಲ ಆ ಹೊತ್ತಿಗೆ ಹೊರಗೆ ಕುಲ್ಫಿ ತಿನ್ನುತ್ತಿರಬಹುದು. ಇದನ್ನು ಕಟ್ಟಿದ ವಾಸ್ತುಶಿಲ್ಪಿ ಶಾಲೆ ತಪ್ಪಿಸಿಕೊಳ್ಳುವ ವಯಸ್ಸನ್ನು ಮರೆತಿರಲಿಲ್ಲ ಎನ್ನಲು ಬೇರೆ ಪ್ರಮಾಣ ಬೇಕೆ?

ಬೃಂದಾವನದಲ್ಲಿ ಸಂಗೀತ ಕಾರಂಜಿ ಶುರುವಾಗುವುದೇ ಕತ್ತಲಾದ ಮೇಲೆ. ಅಲ್ಲಿ ಎಣಿಕೆ ಶ್ರದ್ಧೆಯ ವಿಷಯ, ಪ್ರಮಾಣದ್ದಲ್ಲ. 1892ರ ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಪ್ರತಿ ವರ್ಷ ಯಾವುದಾದರೂ ಒಂದು ಶಾಲೆ ಮಂಗಳವಾರವೇ ಹೋಗಿ ಗೇಟನ್ನು ಪ್ರತ್ಯಕ್ಷ ನೋಡಿ ಬರುವುದೂ ಸಂಪ್ರದಾಯ. ಆ ದಿನ ಎಣಿಕೆ ಬಹಳ ಸಲೀಸು.

ನೈಯಾಯಿಕರು ಅಭಾವವನ್ನೂ ಒಂದು ಪದಾರ್ಥವೆಂದು ಒಪ್ಪುತ್ತಾರೆ. ಇಲ್ಲದಿರುವುದೂ ಒಂದು ಇರವು. ಬಸ್ಸು ಹೊರಟ ಬೆಳಿಗ್ಗೆ ಶಾಲೆಗೆ ಎಂದಿನಂತೆ ಬರುವ ಏಳೆಂಟು ಮಕ್ಕಳಿರುತ್ತಾರಲ್ಲ, ಪ್ರವಾಸದ ದುಡ್ಡು ಹೊಂದಿಸಲಾಗದ ಮನೆಯವರು, ಅವರ ತಲೆ ಯಾವ ಎಣಿಕೆಗೂ ಬರುವುದಿಲ್ಲ. ಸರ್ಕಾರಿ ಶಾಲೆಯ ಕೆಲವರಿಗೆ ಸರ್ಕಾರದ ಖರ್ಚಿನ ಚಿಣ್ಣರ ಕರ್ನಾಟಕ ದರ್ಶನ ಒದಗಬಹುದು. ಉಳಿದವರು ಖಾಲಿ ತರಗತಿಯಲ್ಲಿ ಕೂತು ಹಲಗೆಯ ಮೇಲೆ ಬಸ್ಸಿನ ಚಿತ್ರ ಬರೆಯುತ್ತಾರೆ. ಅವರಿಗೆ ಪಾಠವೂ ಇಲ್ಲ, ಪ್ರವಾಸವೂ ಇಲ್ಲ. ವಾರದ ಮೇಲೆ ಕನ್ನಡ ಮೇಷ್ಟ್ರು "ನಾನು ಕೈಗೊಂಡ ಪ್ರವಾಸ" ಎಂದು ಪ್ರಬಂಧ ಬರೆಯಲು ಹೇಳಿದಾಗ ಇವರೂ ಬರೆಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆ ಪ್ರಬಂಧಗಳೇ ಹೆಚ್ಚು ವಿವರವಾಗಿರುತ್ತವೆ. ಹೋದವರು ಬರೆಯುವುದು ದಾವಣಗೆರೆಯ ಬೆಣ್ಣೆ ದೋಸೆಯ ಬಗ್ಗೆ. ಹೋಗದವರು ಅರಮನೆಯ ಕಂಬಗಳ ಬಣ್ಣವನ್ನೂ ಬಿಡುವುದಿಲ್ಲ. ಈ ಪ್ರಕರಣದಲ್ಲಿ ಹಾಸ್ಯಕ್ಕೆ ಹೆಚ್ಚು ಎಡೆಯಿಲ್ಲವಾದ್ದರಿಂದ ಮುಂದೆ ಹೋಗುತ್ತೇವೆ.

ಕಡೆಯದಾಗಿ ಆಧಿಕ್ಯ ಪ್ರಕರಣ. ತಲೆ ಕಡಿಮೆ ಬಿದ್ದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು: ಪೀಪಿ ಊದುವುದು, ಕಡಲೆಕಾಯಿ ಗಾಡಿಯ ಬಳಿ ಹುಡುಕುವುದು, ಸಿಕ್ಕವನ ಕಿವಿ ಹಿಂಡುವುದು. ಹೆಚ್ಚು ಬಿದ್ದರೆ? ವಿದ್ಯಾವಿಕಾಸ ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಒಂದೇ ಬಗೆಯ ಸಮವಸ್ತ್ರ. ಡಿಸೆಂಬರಿನ ಒಂದು ಭಾನುವಾರದ ಸಂಜೆ, ಅರಮನೆಗೆ ದೀಪ ಹಾಕುವ ಹೊತ್ತಿಗೆ, ಅಂಗಳದಲ್ಲಿ ಇಪ್ಪತ್ತು ಶಾಲೆಗಳು ಒಂದೇ ಬಣ್ಣದಲ್ಲಿ ಕಲಸಿಹೋಗಿರುತ್ತವೆ. ಸಾವಿರಾರು ಬಲ್ಬುಗಳು ಒಮ್ಮೆಲೇ ಹೊತ್ತಿದಾಗ ಎಲ್ಲರ ಮುಖವೂ ಒಂದೇ ಕಡೆಗೆ. ಆಗಲೇ ಅದಲುಬದಲಾಗುವುದು.

ಬಸ್ಸು ಶ್ರೀರಂಗಪಟ್ಟಣ ದಾಟಿದ ಮೇಲೆ ಮೇಷ್ಟ್ರು ಎಣಿಸಿದರೆ ಐವತ್ತಮೂರು. ಕ್ಲೀನರನನ್ನು ಕಳೆದು ಎಣಿಸಿದರೂ ಐವತ್ತಮೂರು. ಮೂರನೆಯ ಎಣಿಕೆಯಲ್ಲಿ ಕಿಟಕಿ ಸೀಟಿನಲ್ಲಿ ಅಪರಿಚಿತ ತಲೆಯೊಂದು ಸಿಗುತ್ತದೆ. ಅಂತ್ಯಾಕ್ಷರಿಯಲ್ಲಿ ಆಗಲೇ ಎರಡು ಹಾಡು ಹೇಳಿದೆ, ನಾಯಕನೂ ಆಗಿದೆ. "ಯಾವ ಶಾಲೆಯೋ ನಿಂದು?" ಎಂದರೆ ಕೇಳದ ಊರೊಂದರ ಹೆಸರು ಹೇಳುತ್ತದೆ. ಫೋನುಗಳ ಮೇಲೆ ಫೋನು ಹೋಗಿ, ಒಂದು ತಲೆ ಕಡಿಮೆಯಾಗಿ ಕಂಗಾಲಾದ ಇನ್ನೊಬ್ಬ ಪಿ.ಟಿ. ಮೇಷ್ಟ್ರು ಮಂಡ್ಯದ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆಂದು ಅಳುದನಿಯಲ್ಲಿ ಹೇಳುತ್ತಾರೆ. ಮಂಡ್ಯ ಬಂದಾಗ ಹುಡುಗ ಮಾತ್ರ ಸೀಟಿನ ಕಂಬಿ ಬಿಡುವುದಿಲ್ಲ.

"ಇಳಿಯಪ್ಪಾ, ನಿಮ್ಮ ಮೇಷ್ಟ್ರು ಕಾಯ್ತಿದಾರೆ."

"ಇಲ್ಲಿ ಪುಳಿಯೋಗರೆ ಇದೆ ಸಾರ್. ಅಲ್ಲಿ ಮೂರು ದಿವಸದಿಂದ ಉಪ್ಪಿಟ್ಟೇ."