ಬಂತಾ? ಈಗ ಬಂತಾ?

ಕೇರಳದ ಜೂನ್ ತಿಂಗಳಲ್ಲಿ ಮೊದಲು ಕೈಕೊಡುವುದು ಛತ್ರಿ, ಆಮೇಲೆ ಡಿಶ್ಶು. ಛತ್ರಿಯಾದರೆ ಇನ್ನೊಂದು ಕೊಳ್ಳಬಹುದು. ಬ್ಯಾಂಕಿನ ವರ್ಗಾವಣೆಯಲ್ಲಿ ಮೊದಲು ತಿರುವನಂತಪುರಕ್ಕೂ ನಂತರ ಕೊಚ್ಚಿಗೂ ಬಂದುಬಿದ್ದ ನಮ್ಮಂಥವರಿಗೆ ಚಂದನ ವಾಹಿನಿ ಸಿಗುವುದು ಡಿಶ್ಶಿನಲ್ಲಿ. ಮಳೆ ಬಿರುಸಾದರೆ ಚಂದನವೂ ಇಲ್ಲ, ಮಳೆ ಎಲ್ಲಿಯವರೆಗೆ ಎಂದು ಹೇಳುವ ವಾರ್ತೆಯೂ ಇಲ್ಲ. ಕಾರಣ ಸರಳ. ಉಪಗ್ರಹದಿಂದ ಮನೆಯ ಡಿಶ್ಶಿಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅಂಥದ್ದನ್ನು ದಪ್ಪ ಮಳೆಹನಿಗಳು ನುಂಗಿ ನೀರು ಕುಡಿಯುತ್ತವೆ. ನೆಲದ ಟವರಿನಿಂದ ಹೊರಡುವ ಯುಎಚ್‌ಎಫ್ ಅಲೆ ಸುಮಾರು ಅರ್ಧ ಮೀಟರಿನದು. ಅದಕ್ಕೆ ಮಳೆಹನಿ ಲೆಕ್ಕಕ್ಕೇ ಇಲ್ಲ.

ಹೀಗಾಗಿ ಚಾವಣಿಗೆ ಆಂಟೆನಾ ಹಾಕಿಸುವ ಹುಕಿ ಹುಟ್ಟಿತು. ‘ಅಪ್ಪಾ, ಎಲ್ಲಾ ಫೋನಲ್ಲೇ ಬರುತ್ತಲ್ಲ’ ಎಂದ ಮಗ. ಬರುತ್ತದೆ, ನಿಜ. ಆದರೆ ಫೋನಿನಲ್ಲಿ ಮನೆಮಂದಿಯೆಲ್ಲ ಕೂತು ವಾರ್ತೆ ನೋಡುವುದೆಂದರೆ ಒಬ್ಬರ ಕಿವಿಗೆ ಇನ್ನೊಬ್ಬರ ಗಲ್ಲ ತಾಗಿಸಿಕೊಂಡು ಕೂರಬೇಕು.

ದೂರದರ್ಶನ 2016ರ ಫೆಬ್ರವರಿಯಲ್ಲಿ ಡಿವಿಬಿ-ಟಿ2 ಎಂಬ ಪದ್ಧತಿಯಲ್ಲಿ ನೆಲದ ಮೇಲಿನ ಡಿಜಿಟಲ್ ಪ್ರಸಾರವನ್ನು 16 ನಗರಗಳಲ್ಲಿ ಶುರುಮಾಡಿದಾಗ ಬೆಂಗಳೂರು ಆ ಪಟ್ಟಿಯಲ್ಲಿತ್ತು. ಕೇರಳದ ಈ ಎರಡು ಊರುಗಳ ಸರದಿ ಆಮೇಲೆ ಬಂತು. ಆದರೆ ಜನ ಅಷ್ಟರಲ್ಲಿ ಕೇಬಲ್ಲಿಗೂ ಡಿಶ್ಶಿಗೂ ಒಲಿದು, ಹಳೆಯ ಆಂಟೆನಾಗಳನ್ನು ಗುಜರಿಗೆ ಹಾಕಿಯಾಗಿತ್ತು. 2021ರ ಅಕ್ಟೋಬರಿನಿಂದಾಚೆ ಹಳೆಯ ಅನಲಾಗ್ ಪ್ರಸಾರಕಗಳೂ ಒಂದೊಂದಾಗಿ ಬಾಯಿ ಮುಚ್ಚಿದವು. ಕೊಚ್ಚಿಯ ಅಂಗಡಿಯಲ್ಲಿ ನಾನು ಆಂಟೆನಾ ಕೇಳಿದಾಗ ಅಂಗಡಿಯವನು ಅಟ್ಟ ಹತ್ತಿ, ಧೂಳು ಹಿಡಿದದ್ದೊಂದನ್ನು ಇಳಿಸಿ ವಿನಯದಿಂದಲೇ ಕೇಳಿದ: ‘ಯಾವ ಸಿನಿಮಾ ಶೂಟಿಂಗಿಗೆ ಸಾರ್?’

ಅವನನ್ನು ದೂರುವಂತಿಲ್ಲ. ಈ ಅಲ್ಯೂಮಿನಿಯಂ ಅಸ್ಥಿಪಂಜರಕ್ಕೆ ನೂರು ವರ್ಷದ ವಯಸ್ಸು. ಜಪಾನಿನ ಸೆಂಡಾಯಿಯ ತೊಹೊಕು ವಿಶ್ವವಿದ್ಯಾಲಯದಲ್ಲಿ ಉಡಾ, ಯಾಗಿ ಎಂಬಿಬ್ಬರು 1926ರ ಸುಮಾರಿಗೆ ಇದನ್ನು ರೂಪಿಸಿದರು. ಹೆಚ್ಚಿನ ದುಡಿಮೆ ಉಡಾ ಅವರದು, ಲೋಕದ ಬಾಯಲ್ಲಿ ಉಳಿದ ಹೆಸರು ಯಾಗಿ ಅವರದು. ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ವಿಎಚ್‌ಎಫ್ ಕೆಳಪಟ್ಟಿಯ ಆಂಟೆನಾಗಳ ಕಡ್ಡಿ ಎರಡು ಮೀಟರಿಗೂ ಉದ್ದವಿರುತ್ತಿತ್ತು, ಕಾಗೆಗಳು ಸಂಸಾರಸಮೇತ ಸಭೆ ಸೇರುತ್ತಿದ್ದವು. ಈಗಿನ ಯುಎಚ್‌ಎಫ್ ಕಡ್ಡಿ ಶಾಲೆಯ ಅಡಿಪಟ್ಟಿಗಿಂತ ಹೆಚ್ಚು ಉದ್ದವಿಲ್ಲ. ಒಂದು ಕಾಗೆ ಕೂತರೆ ಇನ್ನೊಂದು ನಿಂತೇ ಇರಬೇಕು.

ಆಂಟೆನಾ ತಂದದ್ದಾಯಿತು. ಯಾವ ಕಡೆ ತಿರುಗಿಸುವುದು? ನಮ್ಮ ಬಾಡಿಗೆ ಮನೆ ಇದ್ದದ್ದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ. ಮಾಲೀಕರು ಕೊಂಕಣಿ ಹಿರಿಯರು, ಅರ್ಧ ಕನ್ನಡ ಬಲ್ಲವರು, ಪೂರ್ತಿ ವಾಸ್ತು ಬಲ್ಲವರು. ಚಾವಣಿಗೆ ಮೊಳೆ ಹೊಡೆಯುವ ಮುನ್ನ ಅಪ್ಪಣೆ ಕೇಳಲು ಹೋದೆ.

‘ಅದರ ಮುಖ ಯಾವ ಕಡೆ?’

‘ಕಾಕ್ಕನಾಡಿನ ಕಡೆ ಮಾಮ, ದೂರದರ್ಶನದ ಟವರ್ ಅಲ್ಲಿದೆ.’

‘ಕಾಕ್ಕನಾಡು ಅಂದರೆ... ಈಶಾನ್ಯ! ದೇವಮೂಲೆ. ಹಾಕಿ, ಹಾಕಿ.’

ಡಿಶ್ಶಿಗೆ ಈ ಭಾಗ್ಯವಿಲ್ಲ. ಡಿಡಿ ಫ್ರೀ ಡಿಶ್‌ನ ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕೇರಳದ ಯಾವ ಊರಿನಲ್ಲಿ ನಿಂತರೂ ಅದು ಆಗ್ನೇಯದ ಆಕಾಶ. ಕಾಸರಗೋಡಿನ ಡಿಶ್ಶಿಗೂ ತಿರುವನಂತಪುರದ ಡಿಶ್ಶಿಗೂ ಕತ್ತು ಹೆಚ್ಚುಕಡಿಮೆ ಒಂದೇ ಕಡೆ ವಾಲಿರುತ್ತದೆ. ಎಲ್ಲಿದ್ದೇನೆಂಬುದೇ ಅದಕ್ಕೆ ಬೇಕಿಲ್ಲ. ಆಂಟೆನಾ ಹಾಗಲ್ಲ. ಅದನ್ನು ನಿಲ್ಲಿಸುವವನು ತನ್ನ ಊರಿನ ಗುಡ್ಡ ಎಲ್ಲಿ, ಎತ್ತರದ ಕಟ್ಟಡ ಎಲ್ಲಿ, ಟವರ್ ಎಲ್ಲಿ ಎಂಬುದನ್ನು ತಿಳಿದಿರಬೇಕು. ತಿರುವನಂತಪುರದಲ್ಲಿ ಆ ಟವರ್ ಕುಡಪ್ಪನಕುನ್ನಿನ ಮೇಲೆ. 1985ರ ಜನವರಿಯಲ್ಲಿ ದೂರದರ್ಶನ ಕೇಂದ್ರ ಶುರುವಾದ ಊರದು. ಆದರೆ ಏಳುಬೀಳಿನ ಆ ಊರಿನಲ್ಲಿ ದಿಬ್ಬದ ನೆತ್ತಿಯ ಮನೆಯವರಿಗೆ ಕೈಗೆಟಕುವ ಸಿಗ್ನಲ್ಲು, ಅದೇ ದಿಬ್ಬದ ಆಚೆ ಬುಡದಲ್ಲಿದ್ದವರಿಗೆ ನೆಂಟಸ್ತಿಕೆಯನ್ನೂ ತೋರಿಸುವುದಿಲ್ಲ. ಅಲ್ಲಿ ಕಂಬ ಇನ್ನಷ್ಟು ಎತ್ತರಿಸುವುದೊಂದೇ ದಾರಿ. ಕೊಚ್ಚಿಯದು ಸಮತಟ್ಟು ನೆಲ. ಅಡ್ಡ ನಿಲ್ಲುವುದು ಮರೀನ್ ಡ್ರೈವಿನ ಬಹುಮಹಡಿಗಳು.

ಇನ್ನು ತಿರುಗಿಸುವ ಕೆಲಸ. ಚಾವಣಿಯ ಮೇಲೆ ಸ್ಪ್ಯಾನರು ಹಿಡಿದ ನಾನು, ಟಿವಿಯ ಮುಂದೆ ಮಡದಿ, ನಡುವೆ ಮೆಟ್ಟಿಲ ಮೇಲೆ ವರದಿಗಾರನಾಗಿ ಮಗ.

‘ಬಂತಾ?’

‘ಬಂತೂರೀ... ಅಯ್ಯೋ, ಹೋಯ್ತು!’

‘ಈಗ?’

‘ಅಲ್ಲೇ ನಿಲ್ಲಿಸಿ! ಕೈ ತೆಗೀಬೇಡಿ!’

ಈ ಕೊನೆಯ ಮಾತು ಅನಲಾಗ್ ಕಾಲದ್ದು. ಆಗ ಕಂಬ ಹಿಡಿದು ನಿಂತವನೂ ಆಂಟೆನಾದ ಒಂದು ಭಾಗವೇ ಆಗಿ, ಚಿತ್ರಹಾರ ಮುಗಿಯುವವರೆಗೂ ನಿಂತದ್ದುಂಟು. ಡಿಜಿಟಲ್ಲಿನಲ್ಲಿ ಆ ತ್ಯಾಗಕ್ಕೆ ಬೆಲೆ ಕಡಿಮೆ. ಪರದೆಯ ಮೇಲೆ ಎರಡು ಪಟ್ಟಿಗಳಿರುತ್ತವೆ, ಸ್ಟ್ರೆಂತ್ ಒಂದು, ಕ್ವಾಲಿಟಿ ಇನ್ನೊಂದು. ನೋಡಬೇಕಾದದ್ದು ಎರಡನೆಯದನ್ನು. ಬೂಸ್ಟರ್ ಸಿಕ್ಕಿಸಿದರೆ ಸ್ಟ್ರೆಂತ್ ದಿಗ್ಗನೆ ಏರುತ್ತದೆ. ಗದ್ದಲವೂ ಜೊತೆಗೇ ಏರುವುದರಿಂದ ಕ್ವಾಲಿಟಿ ಚುನಾವಣಾ ಭಾಷಣದಂತೆ ಕೆಳಗೇ ಉಳಿಯುತ್ತದೆ.

ಡಿಜಿಟಲ್ಲಿನ ಸ್ವಭಾವವೇ ಬೇರೆ. ಹಳೆಯ ಟಿವಿ ಬಡವರ ಪರ. ಸಿಗ್ನಲ್ ಎಷ್ಟು ಕ್ಷೀಣವಾದರೂ ಮರಳು ಮಳೆಯ ನಡುವೆ ಒಂದು ಮುಖ ತೋರಿಸುತ್ತಿತ್ತು. ಆದರೆ ಕಟ್ಟಡಕ್ಕೆ ಬಡಿದು ತಡವಾಗಿ ಬಂದ ಪ್ರತಿಧ್ವನಿಯನ್ನು ಕ್ಷಮಿಸುತ್ತಿರಲಿಲ್ಲ, ವಾರ್ತೆ ಓದುವವರ ಪಕ್ಕದಲ್ಲೇ ಅವರ ಭೂತವನ್ನೂ ಕೂರಿಸುತ್ತಿತ್ತು. ಹೊಸದು ತದ್ವಿರುದ್ಧ. ಒಂದೊಂದು ಸಂಕೇತದ ನಡುವೆಯೂ ಚೂರು ಬಿಡುವು ಇಟ್ಟಿರುವುದರಿಂದ, ಆ ಬಿಡುವಿನೊಳಗೆ ಬಂದು ಸೇರುವ ಪ್ರತಿಧ್ವನಿ ಏನೂ ಕೆಡಿಸುವುದಿಲ್ಲ. ಆದರೆ ಸಿಗ್ನಲ್ ಒಂದು ಗೆರೆಗಿಂತ ಕೆಳಗಿಳಿಯಿತೋ, ಚಿತ್ರ ಚೌಕ ಚೌಕವಾಗಿ ಒಡೆದು ಮಾಯ. ತಡವಾಗಿ ಬಂದವರನ್ನು ಒಳಗೆ ಬಿಡುತ್ತದೆ, ಬಡಕಲಾಗಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ.

ಮಳೆಹನಿಗೆ ಬಗ್ಗದ ಅಲೆ ತೆಂಗಿನ ಗರಿಗೆ ಮಾತ್ರ ಬಗ್ಗುತ್ತದೆ. ಗರಿ ನೆನೆದರಂತೂ ಇನ್ನೂ ಕಷ್ಟ. ಕೇರಳದಲ್ಲಿ ತೆಂಗಿನ ಮರ ಅಡ್ಡವಿಲ್ಲದ ದಿಕ್ಕು ಹುಡುಕುವುದಕ್ಕಿಂತ ಕಂಬವನ್ನು ಎರಡಡಿ ಪಕ್ಕಕ್ಕೆ ಸರಿಸುವುದು ಸುಲಭ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಉಪ್ಪುಗಾಳಿ ಕನೆಕ್ಟರನ್ನು ತಿನ್ನುತ್ತದೆ, ಅದಕ್ಕೆ ಟೇಪು ಬಿಗಿಯಾಗಿ ಸುತ್ತಬೇಕು. ಕೇಬಲ್ ಮನೆಯೊಳಗೆ ನುಗ್ಗುವ ಮುನ್ನ ಹೊರಗೆ ಒಂದು ಜೋಲು ಬಿಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ, ಟಿವಿಯ ಬೆನ್ನಿಗೆ ಹರಿಯುವುದಿಲ್ಲ. ಅಕ್ಟೋಬರಿನ ತುಲಾಮಳೆಯ ಸಂಜೆಗಳಲ್ಲಿ ಸಿಡಿಲು ಶುರುವಾಗುವ ಮುನ್ನವೇ ತಂತಿ ಕಿತ್ತಿಡುವುದು ಇಲ್ಲಿನ ಮನೆಗಳ ರೂಢಿ.

ತಿರುವನಂತಪುರದ ಹಿರಿಯರಿಗೆ ಇದೆಲ್ಲ ಮಕ್ಕಳಾಟ. ಎಂಬತ್ತರ ದಶಕದಲ್ಲಿ ಅವರೂ ತಮಿಳುನಾಡಿನ ದಕ್ಷಿಣ ಕರಾವಳಿಯವರೂ ಆಂಟೆನಾವನ್ನು ಶ್ರೀಲಂಕೆಯ ಕಡೆ ತಿರುಗಿಸಿ ಅಲ್ಲಿನ ರೂಪವಾಹಿನಿ ನೋಡಿದವರು. ಸಮುದ್ರದ ಮೇಲೆ ತಂಪು ಗಾಳಿಯ ಪದರದ ಮೇಲೆ ಬಿಸಿ ಗಾಳಿ ಕೂತಾಗ, ಅಲೆಗಳು ಅವುಗಳ ನಡುವೆ ಸಿಕ್ಕಿ ನೂರಾರು ಕಿಲೋಮೀಟರ್ ಬಂದುಬಿಡುತ್ತವೆ. ಪಾಸ್‌ಪೋರ್ಟಿಲ್ಲದೆ ಬಂದ ಆ ಕಾರ್ಯಕ್ರಮಗಳನ್ನು ಭಾಷೆ ತಿಳಿಯದೆಯೂ ನೋಡಿದವರಿದ್ದಾರೆ. ‘ತಿಳಿಯಬೇಕೆಂದು ಯಾರು ನೋಡಿದರು? ಸಿಕ್ಕಿತಲ್ಲಾ ಅಂತ ನೋಡಿದೆವು’ ಎಂದರು ಒಬ್ಬರು.

ನಮ್ಮ ಆಂಟೆನಾದಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಚಾನೆಲ್ಲು. ಮಗನಿಗೆ ಅದು ನಗೆಪಾಟಲು. ನನಗೆ ಸಿಕ್ಕಿದ್ದು ಚಾನೆಲ್ಲಿಗಿಂತ ಊರು. ಡಿಶ್ಶಿನ ನೆಚ್ಚಿಕೆಯಲ್ಲಿ ಕೊಚ್ಚಿಯಲ್ಲಿದ್ದೂ ಬೆಂಗಳೂರಿನಲ್ಲಿರಬಹುದು. ಆಂಟೆನಾ ಹಾಕಿದವನು ಕೊಚ್ಚಿಯಲ್ಲೇ ಇರಬೇಕಾಗುತ್ತದೆ. ಈಗ ಬೆಂಗಳೂರಿನ ಗೆಳೆಯರು ಯಾರಾದರೂ ‘ನಾವೂ ಒಂದು ಆಂಟೆನಾ ಹಾಕಿದರೆ ಹೇಗೆ?’ ಎಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ‘ನಿಮ್ಮ ಮನೆಯಿಂದ ಟವರ್ ಯಾವ ದಿಕ್ಕಿಗಿದೆ?’ ಹುಟ್ಟಿದಂದಿನಿಂದ ಅದೇ ಊರಲ್ಲಿರುವ ಗೆಳೆಯ ಸ್ವಲ್ಪ ಹೊತ್ತು ಯೋಚಿಸುತ್ತಾನೆ. ‘ತಡಿ ಮಾರಾಯ, ಗೂಗಲ್ ನೋಡಿ ಹೇಳ್ತೀನಿ.’